ಫೇರ್‌ಫೀಲ್ಡ್ ಹಾರ್ಸ್‌ಶೂ

ಫೇರ್‌ಫೀಲ್ಡ್ ಹಾರ್ಸ್‌ಶೂ ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಪ್ರಸಿದ್ಧ ಚಾರಣ ಮಾರ್ಗ. ರೈಡಲ್ ಕಣಿವೆಯನ್ನು ಮೂರು ದಿಕ್ಕುಗಳಿಂದ ಬಳಸಿರುವ ಬೆಟ್ಟಸಾಲಿನ ಎಂಟು ಶಿಖರಗಳನ್ನು ಇದರಲ್ಲಿ ಒಂದೇ ದಿನದಲ್ಲಿ ಹತ್ತಿ ಇಳಿಯಬಹುದು. ಸಾಲು ಕುದುರೆಯ ಲಾಳದ ಆಕಾರದಲ್ಲಿರುವುದರಿಂದ ಈ ಹೆಸರು ಬಂದಿದೆ. ಇಲ್ಲಿ ಬೆಟ್ಟವನ್ನು 'ಫೆಲ್' ಎನ್ನುತ್ತಾರೆ. ಇದು ಪ್ರಾಚೀನ ನಾರ್ಸ್ ಭಾಷೆಯಿಂದ ಬಂದ ಪದ.

ಮಾರ್ಗ

ಆಂಬಲ್‌ಸೈಡ್ ಪಟ್ಟಣದಿಂದ ಹೊರಟು ಪೂರ್ವದ ಏಣಿನ ಮೇಲೆ ಲೋ ಪೈಕ್ (508 ಮೀ), ಹೈ ಪೈಕ್ (656 ಮೀ), ಡವ್ ಕ್ರ್ಯಾಗ್ (792 ಮೀ) ಮತ್ತು ಹಾರ್ಟ್ ಕ್ರ್ಯಾಗ್ (822 ಮೀ) ದಾಟಿದರೆ ಅತ್ಯುನ್ನತ ಶಿಖರ ಫೇರ್‌ಫೀಲ್ಡ್ (873 ಮೀ) ಸಿಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಗ್ರೇಟ್ ರಿಗ್ (766 ಮೀ), ಹೆರನ್ ಪೈಕ್ (612 ಮೀ) ಹಾಗೂ ನ್ಯಾಬ್ ಸ್ಕಾರ್ ಮೂಲಕ ರೈಡಲ್ ಗ್ರಾಮಕ್ಕೆ ಇಳಿಯಬೇಕು. ಇಳಿಯುವಾಗ ಎದುರಿಗೆ ವಿಂಡರ್‌ಮಿಯರ್ ಸರೋವರ ಕಾಣುತ್ತದೆ. ರೈಡಲ್‌ನಿಂದ ಆಂಬಲ್‌ಸೈಡ್‌ಗೆ ಬಹುತೇಕ ಸಮತಟ್ಟಾದ ಹಾದಿಯಿದೆ.

ಸಾಹಿತ್ಯದಲ್ಲಿ

ಕವಿ ವಿಲಿಯಂ ವರ್ಡ್ಸ್‌ವರ್ತ್ 1813ರಿಂದ 1850ರಲ್ಲಿ ನಿಧನರಾಗುವವರೆಗೆ ಈ ಬೆಟ್ಟಗಳ ಬುಡದಲ್ಲಿರುವ ರೈಡಲ್ ಮೌಂಟ್ ಮನೆಯಲ್ಲಿ ವಾಸಿಸಿದರು. ಆಲ್ಫ್ರೆಡ್ ವೇನ್‌ರೈಟ್ ಏಳು ಸಂಪುಟಗಳಲ್ಲಿ ವರ್ಣಿಸಿದ 214 ಬೆಟ್ಟಗಳಲ್ಲಿ ಈ ಎಂಟೂ ಸೇರಿವೆ. ಇವುಗಳ ವಿವರ 1955ರಲ್ಲಿ ಪ್ರಕಟವಾದ ಮೊದಲ ಸಂಪುಟದಲ್ಲಿದೆ.

ಕಾಲಾವಧಿ

ಒಟ್ಟು ದೂರ ಸುಮಾರು 16 ಕಿ.ಮೀ.; ಏರು 1,000 ಮೀಟರಿಗೂ ಹೆಚ್ಚು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಸೂಚಿಸಿದ ಸೂತ್ರದಂತೆ ಪ್ರತಿ 5 ಕಿ.ಮೀ. ದೂರಕ್ಕೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂದು ಲೆಕ್ಕ ಹಾಕಿದರೆ ಇಲ್ಲಿಗೆ ಸುಮಾರು 5 ಗಂಟೆಗಳು ಬೇಕು. ಇದರಲ್ಲಿ ವಿಶ್ರಾಂತಿಯ ಸಮಯ ಸೇರಿಲ್ಲ. ಡಿಸೆಂಬರಿನಲ್ಲಿ ಇಲ್ಲಿನ ಹಗಲು 8 ಗಂಟೆಗಳಿಗಿಂತ ಕಡಿಮೆಯಿರುವುದರಿಂದ ಬೆಳಗ್ಗೆ ಬೇಗ ಹೊರಡುವುದು ಅಗತ್ಯ.

ಅಪಾಯ ಮತ್ತು ಎಚ್ಚರಿಕೆ

ಈ ಬೆಟ್ಟಗಳ ಎತ್ತರ ಸಾಧಾರಣ. ಇಲ್ಲಿನ ನಿಜವಾದ ಅಪಾಯ ಮಂಜು. ಪೂರ್ವದ ಏಣಿನಲ್ಲಿ ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆಯೊಂದು ಬಹುದೂರ ದಾರಿ ತೋರಿಸುತ್ತದೆ. ಆದರೆ ಅದು ಫೇರ್‌ಫೀಲ್ಡ್ ತಲುಪುವ ಮೊದಲೇ ಮುಗಿಯುತ್ತದೆ. ಆ ಶಿಖರ ಅಗಲವಾದ, ಕಲ್ಲು ಹರಡಿದ ಬಯಲಿನಂತಿದ್ದು, ಅಲ್ಲಿನ ಹಲವು ಕಲ್ಲುಗುಪ್ಪೆಗಳು ಮಂಜಿನಲ್ಲಿ ದಿಕ್ಕು ತಪ್ಪಿಸಬಲ್ಲವು. ಉತ್ತರ ಅಂಚಿನಲ್ಲಿ ಕಡಿದಾದ ಬಂಡೆಗಳಿವೆ. ಗ್ರೇಟ್ ರಿಗ್‌ಗೆ ಹೋಗುವ ಸುರಕ್ಷಿತ ಹಾದಿ ದಕ್ಷಿಣಕ್ಕಿದೆ. ಆದ್ದರಿಂದ ನಕ್ಷೆ ಹಾಗೂ ದಿಕ್ಸೂಚಿಯನ್ನು ಒಯ್ಯುವುದರ ಜೊತೆಗೆ ಅವುಗಳ ಬಳಕೆಯನ್ನು ಮೊದಲೇ ಕಲಿತಿರಬೇಕು.