ಅಜ್ಜನ ಪದ, ಪುಳ್ಳಿಯ ಗಿಟಾರು

ಆಟಿ ತಿಂಗಳ ಮಳೆ. ಉಜಿರೆಯ ಒಂದು ಮನೆ. ಜಗಲಿಯಲ್ಲಿ ಕುಳಿತ ಪುಳ್ಳಿಯ ಮೊಬೈಲಿನಿಂದ ಗಿಟಾರು, ಡ್ರಮ್ಮು ಒಟ್ಟಿಗೇ ಮೊಳಗುತ್ತದೆ.

“ಇದೆಂಥ ಗಲಾಟೆ ಮಾರಾಯ! ಸ್ವಲ್ಪ ಸಣ್ಣ ಮಾಡು,” ಎನ್ನುತ್ತಾರೆ ಅಜ್ಜ.

“ಗಲಾಟೆ ಅಲ್ಲ ಅಜ್ಜ, ನಿಮ್ಮ ಶರೀಫರ ಪದ!”

ಅಜ್ಜ ಕಿವಿಗೊಡುತ್ತಾರೆ. ಹೌದು, ಮಾಳಿಗೆ ಸೋರುವ ಅದೇ ಪದ. ಇಂಥ ಮಾತುಕತೆ ನಿಮ್ಮ ಮನೆಯಲ್ಲೂ ನಡೆದಿರಬಹುದು.

ಮಕ್ಕಳೇ, ಈ ಪದಕ್ಕೆ ಗಿಟಾರು ಕಟ್ಟಿದವರು ರಘು ದೀಕ್ಷಿತ್. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಅದರಲ್ಲಿ ಚಿನ್ನದ ಪದಕ. ಕಲಿತದ್ದು ಭರತನಾಟ್ಯ, ಅದರಲ್ಲಿ ವಿದ್ವತ್. ಗಿಟಾರು ಬಂದದ್ದು ಪಂಥದಿಂದ. ಗಂಡುಹುಡುಗ ಗೆಜ್ಜೆ ಕಟ್ಟುತ್ತಾನೆಂದು ಕಾಲೇಜಿನ ಗೆಳೆಯನೊಬ್ಬ ಚೇಷ್ಟೆ ಮಾಡಿದಾಗ, ಗಿಟಾರನ್ನೂ ಕಲಿತು ತೋರಿಸುತ್ತೇನೆಂದು ಹೊರಟರಂತೆ. ಮುಂದೆ ಬೆಲ್ಜಿಯಂ ದೇಶದಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ರೇಡಿಯೋದಲ್ಲಿ ತಮ್ಮ ಹಾಡು ಬಂದ ಮೇಲೆ, ಹಾಡೇ ನನ್ನ ದಾರಿ ಎಂದು ಬೆಂಗಳೂರಿಗೆ ಮರಳಿದರು.

ಆದರೆ ಸಿನಿಮಾದ್ದಲ್ಲದ ಹಾಡಿಗೆ ಕಂಪೆನಿಗಳು ಸುಲಭದಲ್ಲಿ ಬಾಗಿಲು ತೆರೆಯುವುದಿಲ್ಲ. ಮೊದಲ ಆಲ್ಬಮ್ ಹೊರಬಂದದ್ದು 2008ರಲ್ಲಿ. ಅದರಲ್ಲಿ ಶರೀಫರ ಪದಗಳೂ ಇದ್ದವು. 2010ರಲ್ಲಿ ಬಿಬಿಸಿಯ ಹೆಸರಾಂತ ಸಂಗೀತ ಕಾರ್ಯಕ್ರಮದಲ್ಲಿ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಹಾಡಿದರು. ಐದು ವರ್ಷ ಕಳೆದು 2013ರಲ್ಲಿ ‘ಜಗ್ ಚಂಗಾ’ದೊಂದಿಗೆ ಮರಳಿದರು. ಆಮೇಲೆ ಹತ್ತು ವರ್ಷಕ್ಕೂ ಮಿಕ್ಕಿ ಕಾಯಿಸಿ ಬಂದದ್ದು ಮೂರನೆಯದು, ‘ಶಕ್ಕರ್’. ದೊಡ್ಡ ಕಂಪೆನಿಯ ಆಸರೆಯಿಲ್ಲದೆ ಹಾಡುವವರ ಪಾಡು ಇದು. ಊರೂರು ತಿರುಗಿ ಹಾಡಬೇಕು, ದುಡಿದದ್ದನ್ನು ಮುಂದಿನ ಹಾಡಿಗೆ ಸುರಿಯಬೇಕು, ಜನ ಮರೆಯುವ ಮೊದಲೇ ಮರಳಬೇಕು.

ಅಜ್ಜನ ಶರೀಫರು ಯಾರು ಗೊತ್ತೇ? 1819ರಲ್ಲಿ ಶಿಶುನಾಳದಲ್ಲಿ, ಅಂದರೆ ಈಗಿನ ಹಾವೇರಿ ಜಿಲ್ಲೆಯಲ್ಲಿ ಹುಟ್ಟಿದವರು. ಮುಸಲ್ಮಾನರ ಮಗ, ಕಳಸದ ಗೋವಿಂದ ಭಟ್ಟರ ಶಿಷ್ಯ. 1889ರಲ್ಲಿ ತೀರಿಕೊಂಡರು. ಅವರ ಪದಗಳು ಜನರ ಬಾಯಿಂದ ಬಾಯಿಗೆ ದಾಟಿ ಉಳಿದವು. ಸೋರುವ ಮಾಳಿಗೆಯೆಂದರೆ ಅವರಿಗೆ ಬರೀ ಮನೆಯ ಮಾಡಲ್ಲ, ಅಜ್ಞಾನದಿಂದ ಸೋರುವ ನಮ್ಮ ಮನಸ್ಸೂ ಹೌದು. ಆ ಪದಗಳಿಗೆ ಸಿ. ಅಶ್ವತ್ಥ್ ರಾಗ ಹಾಕಿದರು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು. ಅಜ್ಜನ ಕ್ಯಾಸೆಟ್ಟಿಗೆ ಪದ ಬಂದದ್ದು ಹಾಗೆ.

“ಆದರೂ ಕರೆಂಟಿನ ಸಂಗೀತ ನನಗೆ ಹಿಡಿಸುವುದಿಲ್ಲ,” ಎನ್ನುತ್ತಾರೆ ಅಜ್ಜ. ಅವರ ಮಾತಲ್ಲೂ ಹುರುಳಿದೆ. ಡ್ರಮ್ಮು ಜೋರಾದರೆ ಪದದ ಅರ್ಥ ಕಿವಿಗೆ ಬೀಳುವುದಿಲ್ಲ. ಆದರೆ ಯಕ್ಷಗಾನದ ಭಾಗವತರ ಬಳಿ ಈಗ ಏನಿರುತ್ತದೆ? ಹಿಂದೆ ಸೋರೆಬುರುಡೆಯ ಪುಂಗಿ ಶ್ರುತಿ ಕೊಡುತ್ತಿತ್ತು, ಆಮೇಲೆ ಹಾರ್ಮೋನಿಯಂ ಬಂತು, ಈಗ ಪುಟ್ಟ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಬೆಳಗಿನ ತನಕ ಆಟ ನೋಡುವ ಅಜ್ಜ ಅದನ್ನು ಬೇಡವೆನ್ನುವುದಿಲ್ಲವಲ್ಲ!

ಎಲೆಕ್ಟ್ರಿಕ್ ಗಿಟಾರಿನಲ್ಲೂ ಮಾಯೆಯಿಲ್ಲ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ ಇರುತ್ತದೆ. ತಂತಿ ಮೀಟಿದಾಗ ಅದರ ಕಂಪನದಿಂದ ಸುರುಳಿಯಲ್ಲಿ ಅಷ್ಟೇ ವೇಗದಲ್ಲಿ ನಡುಗುವ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ, ಸ್ಪೀಕರ್ ಅದನ್ನು ಮತ್ತೆ ನಾದವಾಗಿಸುತ್ತದೆ. ಬೆರಳು ಮಾತ್ರ ಮನುಷ್ಯನದೇ.

ಶರೀಫರ ಪದ ಬಾಯಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಮೊಬೈಲಿಗೆ ದಾಟಿತು. ಯಾರೂ ದಾಟಿಸದೆ ಉಳಿದ ಪದಗಳೆಷ್ಟೋ! ಗದ್ದೆಯಲ್ಲಿ ನೇಜಿ ನೆಡುವಾಗ ಹೇಳುತ್ತಿದ್ದ ಪಾಡ್ದನ, ತೊಟ್ಟಿಲು ತೂಗುವ ಹಾಡು ಎಷ್ಟು ಮಂದಿ ಅಜ್ಜಿಯರ ಜೊತೆಗೇ ಹೋದವೋ!

ಆದ್ದರಿಂದ ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಅಜ್ಜಿಯ ಪಕ್ಕ ಕುಳಿತು ಅವರಿಗೆ ಬರುವ ಒಂದು ಹಾಡು ಹೇಳಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಅರ್ಥ ಕೇಳಿ ಬರೆದಿಡಿ. ಅಜ್ಜಂದಿರೇ, ನೀವೂ ಒಮ್ಮೆ ಪುಳ್ಳಿಯ ಗಿಟಾರಿಗೆ ಕಿವಿಗೊಡಿ. ಸ್ವಲ್ಪ ಸಣ್ಣ ಮಾಡಿಸಿಕೊಂಡೇ ಕೇಳಿ, ಅಡ್ಡಿಯಿಲ್ಲ.