ಕಾಲು, ಕಣ್ಣಿನ ರೆಪ್ಪೆ ಪದೇ ಪದೇ ಅದುರುತ್ತಿದೆಯೇ? ಗೂಗಲ್ ನೋಡಿ ಹೆದರುವ ಮುನ್ನ ಇದನ್ನು ಓದಿ

ಬಲಗಣ್ಣು ಅದುರಿದರೆ ಗಂಡಸರಿಗೆ ಶುಭ, ಎಡಗಣ್ಣು ಅದುರಿದರೆ ಹೆಂಗಸರಿಗೆ ಶುಭ ಎನ್ನುತ್ತಿದ್ದರು ಹಿರಿಯರು. ಈಗ ಶಕುನ ಹೇಳುವ ಕೆಲಸವನ್ನು ಮೊಬೈಲ್ ವಹಿಸಿಕೊಂಡಿದೆ. ಆದರೆ ಅದು ಹೇಳುವುದು ಬಹುಪಾಲು ಅಪಶಕುನವನ್ನೇ!

ರಾತ್ರಿ ಪಾಳಿ, ದಿನಕ್ಕೆ ನಾಲ್ಕೈದು ಕಪ್ ಟೀ-ಕಾಫಿ, ಮೆಟ್ರೋ ಮತ್ತು ಕ್ಯಾಬ್‌ನಲ್ಲಿ ಗಂಟೆಗಟ್ಟಲೆ ಓಡಾಟ, ಅರೆಬರೆ ನಿದ್ದೆ. ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ಕೆಲಸ ಮಾಡುವ ಅನೇಕರ ದಿನಚರಿ ಇದು. ಇಂಥವರು ಒಂದು ರಾತ್ರಿ ಮಲಗಿದಾಗ ಕಾಲಿನ ಮೀನಖಂಡ ತನ್ನಷ್ಟಕ್ಕೆ ಅದುರತೊಡಗುತ್ತದೆ. ಏನಿದು ಎಂದು ಹುಡುಕಿದರೆ ಮೊಬೈಲ್ ಪರದೆಯ ಮೇಲೆ 'ಎಎಲ್‌ಎಸ್' ಎಂಬ ಹೆಸರು ಕಾಣಿಸುತ್ತದೆ. ಅಲ್ಲಿಂದ ನಿದ್ದೆಯೇ ಇಲ್ಲ.

ಈ ಭಯ ಎಷ್ಟು ನಿಜ? ಯಾವಾಗ ವೈದ್ಯರನ್ನು ಕಾಣಬೇಕು? ಇಲ್ಲಿದೆ ಮಾಹಿತಿ.

ಏನಿದು ಎಎಲ್‌ಎಸ್?

ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ನಶಿಸುವ ಕಾಯಿಲೆ ಇದು. ಫ್ರಾನ್ಸ್‌ನ ವೈದ್ಯ ಜೀನ್ ಮಾರ್ಟಿನ್ ಶಾರ್ಕೋ 19ನೇ ಶತಮಾನದಲ್ಲಿ ಇದನ್ನು ವಿವರಿಸಿದರು. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ, 21ನೇ ವಯಸ್ಸಿನಲ್ಲಿ ಇದು ಪತ್ತೆಯಾಗಿತ್ತು. 2014ರಲ್ಲಿ ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುವ 'ಐಸ್ ಬಕೆಟ್ ಚಾಲೆಂಜ್' ಮೂಲಕ ಈ ಹೆಸರು ಮನೆಮನೆಗೂ ತಲುಪಿತು.

ಹೆಸರು ಜನಜನಿತವಾದರೂ ಕಾಯಿಲೆ ಮಾತ್ರ ಅಪರೂಪ. ಯುರೋಪ್ ಮತ್ತು ಅಮೆರಿಕದ ಲೆಕ್ಕದಂತೆ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಹೊಸದಾಗಿ ಬರುತ್ತದೆ. ಹೆಚ್ಚಾಗಿ ಕಾಣಿಸಿಕೊಳ್ಳುವುದು 50 ದಾಟಿದವರಲ್ಲಿ.

ಹಾಗಾದರೆ ಸ್ನಾಯು ಅದುರುವುದೇಕೆ?

ಒಂದು ನರತಂತು ಹಲವು ಸ್ನಾಯು ಎಳೆಗಳನ್ನು ನಿಯಂತ್ರಿಸುತ್ತದೆ. ಮಿದುಳಿನ ಆದೇಶವಿಲ್ಲದೆ ಆ ತಂತು ತಾನಾಗಿ ಒಮ್ಮೆ ಮಿಡಿದರೆ, ಅದರ ಹಿಡಿತದಲ್ಲಿರುವ ಎಳೆಗಳೆಲ್ಲ ಒಟ್ಟಿಗೆ ಕುಗ್ಗುತ್ತವೆ. ಚರ್ಮದ ಕೆಳಗೆ ಏನೋ ಹರಿದಾಡಿದಂತೆ ಅನಿಸುವುದು ಇದರಿಂದಲೇ.

ನಿದ್ದೆಗೇಡು, ಒತ್ತಡ, ಹೆಚ್ಚು ಕಾಫಿ-ಟೀ, ಅತಿಯಾದ ವ್ಯಾಯಾಮ ಇದಕ್ಕೆ ಸಾಮಾನ್ಯ ಕಾರಣಗಳು. ಥೈರಾಯ್ಡ್ ಏರುಪೇರು, ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕೊರತೆಯೂ ಇರಬಹುದು. ಚಳಿಗಾಲದ ಹೊಗೆಮಂಜಿನಲ್ಲಿ ಉಬ್ಬಸಕ್ಕೆಂದು ಸಾಲ್ಬುಟಮಾಲ್ ಇನ್‌ಹೇಲರ್ ಬಳಸುವವರಿಗೆ ಕೈ ನಡುಗುವುದು, ಸ್ನಾಯು ಸೆಳೆತ ಬರುವುದೂ ಉಂಟು. ಹಾಗೆಂದು ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬೇಡಿ.

ಅಧ್ಯಯನ ಏನು ಹೇಳುತ್ತದೆ?

ಸ್ನಾಯು ಅದುರುತ್ತಿದ್ದರೂ ಬೇರೆ ತೊಂದರೆ ಇಲ್ಲದಿದ್ದ 121 ಜನರನ್ನು ಅಮೆರಿಕದ ಮೇಯೋ ಕ್ಲಿನಿಕ್ ವೈದ್ಯರು 2ರಿಂದ 32 ವರ್ಷಗಳವರೆಗೆ ಗಮನಿಸಿದ್ದರು. 1993ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಅವರಲ್ಲಿ ಒಬ್ಬರಿಗೂ ಎಎಲ್‌ಎಸ್ ಬರಲಿಲ್ಲ.

ಈ ಭಯ ವೈದ್ಯರನ್ನೂ ಬಿಟ್ಟಿಲ್ಲ. ಸ್ನಾಯು ಅದುರಿದ್ದಕ್ಕೇ ಎಎಲ್‌ಎಸ್ ಎಂದು ಕಂಗಾಲಾಗುವ ವೈದ್ಯರು, ವೈದ್ಯಕೀಯ ವಿದ್ಯಾರ್ಥಿಗಳ ಬಗ್ಗೆ 2013ರಲ್ಲಿ ಪ್ರತ್ಯೇಕ ಸಂಶೋಧನಾ ಲೇಖನವೇ ಬಂದಿದೆ. ಆದ್ದರಿಂದ ಹೆದರಿದ್ದಕ್ಕೆ ನಾಚಿಕೆಪಡಬೇಕಿಲ್ಲ.

ಭಯವೇ ಅದುರುವಿಕೆಗೆ ಮೇವು

ಹೆದರಿದಾಗ ದೇಹದಲ್ಲಿ ಅಡ್ರಿನಲಿನ್ ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ. ಅದರಿಂದ ಸ್ನಾಯು ಇನ್ನಷ್ಟು ಅದುರುತ್ತದೆ. ಗಮನವೆಲ್ಲ ಅಲ್ಲೇ ನೆಟ್ಟಿರುವುದರಿಂದ ಮೊದಲು ಗೊತ್ತೇ ಆಗದಿದ್ದ ಸಣ್ಣ ಮಿಡಿತವೂ ಈಗ ಎದ್ದು ಕಾಣುತ್ತದೆ. ಕೆಲವರು ದಿನಕ್ಕೆ ಹತ್ತಾರು ಬಾರಿ ಹಿಮ್ಮಡಿಯ ಮೇಲೆ ನಡೆದು, ಮುಷ್ಟಿ ಬಿಗಿದು ತಮ್ಮ ಶಕ್ತಿಯನ್ನು ತಾವೇ ಪರೀಕ್ಷಿಸಿಕೊಳ್ಳುತ್ತಾರೆ. ಹಾಗೆ ದಣಿದ ಸ್ನಾಯು ಮತ್ತೆ ಅದುರುತ್ತದೆ! ರಿಪೋರ್ಟ್ ನಾರ್ಮಲ್ ಬಂದರೂ ಸಮಾಧಾನ ಎರಡು ದಿನವಷ್ಟೇ. ಮೂರನೇ ದಿನ ಇನ್ನೊಬ್ಬ ವೈದ್ಯರ ಹುಡುಕಾಟ.

ಯಾವಾಗ ವೈದ್ಯರನ್ನು ಕಾಣಬೇಕು?

ಎಎಲ್‌ಎಸ್‌ನಲ್ಲೂ ಸ್ನಾಯು ಅದುರುತ್ತದೆ ಎಂಬುದು ನಿಜ. ಆದರೆ ಅದರ ಮುಖ್ಯ ಲಕ್ಷಣ ಶಕ್ತಿಗುಂದುವಿಕೆ. ಸುಸ್ತು ಅನಿಸುವುದು ಬೇರೆ, ಮಾಡುತ್ತಿದ್ದ ಕೆಲಸ ಮಾಡಲಾಗದಿರುವುದು ಬೇರೆ. ಇವು ಕಂಡರೆ ತಡಮಾಡಬೇಡಿ:

- ಅಂಗಿ ಗುಂಡಿ ಹಾಕಲು, ಬೀಗ ತಿರುಗಿಸಲು ಆಗದಿರುವುದು
- ನಡೆಯುವಾಗ ಪಾದ ಎತ್ತಲಾಗದೆ ಎಡವುವುದು
- ಮಾತು ತೊದಲುವುದು, ನುಂಗಲು ಕಷ್ಟವಾಗುವುದು
- ಒಂದು ಕೈ ಅಥವಾ ಕಾಲು ಕಣ್ಣಿಗೆ ಕಾಣುವಂತೆ ಸಣ್ಣಗಾಗುವುದು

ಹೀಗೆ ಸಣ್ಣಗಾದರೂ ಎಲ್ಲವೂ ಎಎಲ್‌ಎಸ್ ಅಲ್ಲ. ಯುವಕರಲ್ಲಿ ಒಂದೇ ಕೈ ಅಥವಾ ಕಾಲು ಕೃಶವಾಗಿ, ಕೆಲವು ವರ್ಷಗಳ ನಂತರ ಅಲ್ಲಿಗೇ ನಿಲ್ಲುವ ತೊಂದರೆಯೊಂದನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ವರದಿ ಮಾಡಿದ್ದರು. ಯಾವುದು ಏನು ಎಂದು ನಿರ್ಧರಿಸಬೇಕಾದವರು ನರರೋಗ ತಜ್ಞರು. ಅವರು ಕೈಕಾಲಿನ ಬಲ ಪರೀಕ್ಷಿಸಿ, ಬೇಕೆನಿಸಿದರೆ ರಕ್ತ ಪರೀಕ್ಷೆ, ಇಎಂಜಿ ಮಾಡಿಸುತ್ತಾರೆ.

ಎಲ್ಲ ಸರಿಯಿದ್ದರೂ ಭಯ ಹೋಗದಿದ್ದರೆ?

ಆಗ ಚಿಕಿತ್ಸೆ ಬೇಕಿರುವುದು ಭಯಕ್ಕೆ. ಕಾಯಿಲೆಯ ಬಗೆಗಿನ ಅತಿಯಾದ ಆತಂಕವೂ ವೈದ್ಯಕೀಯವಾಗಿ ಗುರುತಿಸಲಾದ ಸಮಸ್ಯೆಯೇ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಆಪ್ತಸಮಾಲೋಚನೆ ಮತ್ತು ಅಗತ್ಯವಿದ್ದರೆ ಔಷಧಿಯಿಂದ ಇದನ್ನು ಹತೋಟಿಗೆ ತರಬಹುದು. ದೆಹಲಿಯ ದಿಲ್ಶಾದ್ ಗಾರ್ಡನ್‌ನಲ್ಲಿರುವ ಇಹಬಾಸ್ ಸಂಸ್ಥೆಯಲ್ಲಿ ನರರೋಗ, ಮನೋರೋಗ ಎರಡೂ ವಿಭಾಗಗಳಿವೆ.

ಮನಸ್ಸಿನ ದುಗುಡವನ್ನು ಹಿಂದಿಯಲ್ಲಿ ಹೇಳಿಕೊಳ್ಳುವುದು ಕಷ್ಟ ಎನ್ನುವ ಕನ್ನಡಿಗರು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಈ ಉಚಿತ ಸೇವೆ ದಿನದ 24 ಗಂಟೆಯೂ ಲಭ್ಯ. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತನಾಡಬಹುದು.

ಸದ್ಯಕ್ಕೆ ಸಂಜೆಯ ನಂತರ ಕಾಫಿ ಬಿಡಿ, ನಿದ್ದೆಗೆ ಸಮಯ ಕೊಡಿ, ಮಲಗುವಾಗ ಮೊಬೈಲ್ ದೂರವಿಡಿ. ಒಬ್ಬ ವೈದ್ಯರಿಗೆ ಒಮ್ಮೆ ಸರಿಯಾಗಿ ತೋರಿಸಿ, ಅವರ ಮಾತನ್ನು ನಂಬಿ. ಕಾಲು ಇನ್ನೂ ಕೆಲವು ದಿನ ಅದುರಬಹುದು. ಅದಕ್ಕೆ ನೀವು ಹೆದರಬೇಕಿಲ್ಲ.

(ಗಮನಿಸಿ: ಇದು ಸಾಮಾನ್ಯ ಮಾಹಿತಿ ಮಾತ್ರ. ವೈದ್ಯರ ಸಲಹೆಗೆ ಪರ್ಯಾಯವಲ್ಲ.)