ಸರ್ವಾಂಗ ವ್ಯಾಯಾಮಕ್ಕೆ ಅರ್ಧಶಕ್ತಿಯೇ ಅಳತೆ

1520ರ ಸುಮಾರಿಗೆ ಹಂಪೆಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಶ್ರೀಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುನ್ನವೇ ಅರಸನು ಎಳ್ಳೆಣ್ಣೆಯನ್ನು ಕುಡಿದು, ಅದನ್ನೇ ಮೈಗೆಲ್ಲ ಲೇಪಿಸಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತುತ್ತಿದ್ದನು. ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ, ತರುವಾಯ ಜಟ್ಟಿಯೊಬ್ಬನೊಡನೆ ಕುಸ್ತಿ, ಕೊನೆಗೆ ಬೆಳಗಾಗುವವರೆಗೆ ಬಯಲಿನಲ್ಲಿ ಕುದುರೆ ಸವಾರಿ. ಎತ್ತುವುದು, ಬೀಸುವುದು, ಎಳೆದಾಡುವುದು, ತೊಡೆಗಳ ಬಿಗಿತದಿಂದ ಸಮತೋಲ ಕಾಯುವುದು, ಇವುಗಳಲ್ಲಿ ದೇಹದ ಯಾವ ಅಂಗವೂ ಬಿಟ್ಟುಹೋಗಿಲ್ಲ. ಇಂದಿನ ತರುಣರು ‘ಫುಲ್ ಬಾಡಿ ವರ್ಕೌಟ್’ ಎನ್ನುವುದು ಇದನ್ನೇ. (ಎಣ್ಣೆ ಕುಡಿಯುವುದನ್ನು ಮಾತ್ರ ಯಾರೂ ಅನುಕರಿಸಬಾರದು. ಅಷ್ಟು ದುಡಿಯುವ ದೇಹದ ಜಠರಾಗ್ನಿಯೇ ಬೇರೆ.)

ನಮ್ಮ ನಾಡಿಗೆ ಈ ವಿದ್ಯೆ ಅದಕ್ಕಿಂತಲೂ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಅಭ್ಯಾಸಗಳನ್ನು ಹೆಸರಿಸಲಾಗಿದೆ. ಭಾರವೆತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ತೋಳುಗಳ ಸೆಣಸಾಟದ ಬಾಹುಶ್ರಮ, ಕಂಬವನ್ನೇರುವ ಸ್ತಂಭಶ್ರಮ ಎಂಬ ಐದೂ ಕೂಡಿಯೇ ಮಲ್ಲನ ಮೈ ಸಿದ್ಧವಾಗುತ್ತಿತ್ತು. ನಮ್ಮ ಊರುಗಳ ಗರಡಿಮನೆಗಳಲ್ಲಿ ದಂಡ, ಬಸ್ಕಿ, ಗದೆ, ಸಂಗ್ರಾಣಿ ಕಲ್ಲುಗಳ ರೂಪದಲ್ಲಿ ಉಳಿದುಬಂದದ್ದು ಇದೇ ಪರಂಪರೆ.

ದಿನಕ್ಕೊಂದು ಅಂಗದ ವ್ಯಾಯಾಮ ಮೇಲೋ, ಒಂದೇ ದಿನ ಸರ್ವಾಂಗದ ವ್ಯಾಯಾಮ ಮೇಲೋ ಎಂದು ಹೊಸಪೇಟೆಯ ತರುಣರು ನಮ್ಮನ್ನು ಕೇಳುತ್ತಾರೆ. ವಾರದ ಒಟ್ಟು ಶ್ರಮ ಸಮನಾಗಿದ್ದರೆ ಫಲದಲ್ಲಿ ಹೆಚ್ಚಿನ ಅಂತರವಿಲ್ಲ. ಆದರೆ ಸಂಸಾರಿಗಳಿಗೆ ನಾವು ಸರ್ವಾಂಗ ಕ್ರಮವನ್ನೇ ಹೇಳುತ್ತೇವೆ. ಮದುವೆ, ಜಾತ್ರೆ, ರಾತ್ರಿ ಪಾಳಿ ಎಂದು ಒಂದು ದಿನ ತಪ್ಪಿದರೂ ಕಾಲಿನ ಸರದಿಯೋ ಬೆನ್ನಿನ ಸರದಿಯೋ ಒಂದು ವಾರ ಹಿಂದೆ ಬೀಳುವುದಿಲ್ಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನದ ಬಿಡುವು ಸಾಕು. ಮಾಂಸಧಾತುವಿಗೆ ಬಲ ಕೂಡುವುದು ಆ ಬಿಡುವಿನಲ್ಲಿಯೇ. ಪ್ರಮುಖ ಸ್ನಾಯುಗಳಿಗೆಲ್ಲ ವಾರದಲ್ಲಿ ಕನಿಷ್ಠ 2 ದಿನ ಬಲವರ್ಧಕ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. 65 ದಾಟಿದವರಿಗೆ ಸಮತೋಲದ ಅಭ್ಯಾಸವನ್ನೂ ಸೇರಿಸುತ್ತದೆ.

ಕ್ರಮ ಸರಳವಾಗಿರಲಿ. ಕುಳಿತು ಏಳುವುದಕ್ಕೆ ಬಸ್ಕಿ, ತಳ್ಳುವುದಕ್ಕೆ ದಂಡ, ನೆಲದಿಂದ ಎತ್ತುವುದಕ್ಕೆ ಒಂದು ಚೀಲ, ಹೊತ್ತು ನಡೆಯುವುದಕ್ಕೆ ಎರಡು ಕೊಡ ನೀರು. ವಯಸ್ಸಾದವರು ಕುರ್ಚಿಯಿಂದ ಎದ್ದು ಕುಳಿತರೂ ಅದು ಬಸ್ಕಿಯೇ. ಗೋಡೆಗೆ ಕೈಯೂರಿ ತಳ್ಳಿದರೂ ಅದು ದಂಡವೇ. ಎಳೆಯುವ ಚಲನೆಯೊಂದೇ ಈಗ ಕಷ್ಟ. ಹಿಂದೆ ಬಾವಿಯಿಂದ ನೀರು ಸೇದುವಾಗ ಬೆನ್ನಿಗೆ ಅದು ತಾನಾಗಿಯೇ ಒದಗುತ್ತಿತ್ತು, ನಲ್ಲಿ ಬಂದು ಅದನ್ನು ಕಸಿದುಕೊಂಡಿತು. ಗಟ್ಟಿಯಾದ ಕಂಬಕ್ಕೆ ಹಗ್ಗ ಕಟ್ಟಿ, ಹಿಂದಕ್ಕೆ ವಾಲಿ, ಮೈಯನ್ನು ಕಂಬದತ್ತ ಎಳೆದುಕೊಳ್ಳಬಹುದು. ಒಂದೊಂದನ್ನೂ ಹತ್ತು ಸಲದಂತೆ ಎರಡು ಸುತ್ತು ಮಾಡಿದರೆ ಅರ್ಧ ಗಂಟೆಯೂ ಹಿಡಿಯದು.

‘ಹೊಲದಲ್ಲಿ ದಿನವಿಡೀ ದುಡಿಯುವ ನಮಗೇಕೆ ವ್ಯಾಯಾಮ?’ ಎಂದು ಕಂಪ್ಲಿಯ ಕಡೆಯ ತಾಯಂದಿರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಭತ್ತದ ನಾಟಿಯಲ್ಲಿ ಬೆನ್ನು ಒಂದೇ ಕಡೆಗೆ ಬಾಗುತ್ತದೆ. ಸಂಡೂರಿನ ಅದಿರು ಲಾರಿಯ ಚಾಲಕನ ಸೊಂಟವಂತೂ ಗಂಟೆಗಟ್ಟಲೆ ಬಾಗಿಯೇ ಇರುತ್ತದೆ. ಕಾಯಕವು ಕೆಲವೇ ಅಂಗಗಳನ್ನು ದಣಿಸಿ ಉಳಿದವನ್ನು ಮರೆಯುತ್ತದೆ. ಇಂಥವರಿಗೆ ಹೆಚ್ಚಿನ ದಣಿವು ಬೇಡ, ಮರೆತುಹೋದ ಚಲನೆಗಳು ಬೇಕು. ಬೆನ್ನು ಹಿಂದಕ್ಕೆ ಬಾಗಬೇಕು, ತೋಳು ತಲೆಯ ಮೇಲಕ್ಕೆ ಏಳಬೇಕು.

ಇನ್ನು ಎಷ್ಟು ಮಾಡಬೇಕೆಂಬ ಮಾತು. ಇದರಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ವಾಗ್ಭಟಾಚಾರ್ಯರ ಮತದಂತೆ ಬಲಿಷ್ಠನೂ ಸ್ನಿಗ್ಧಾಹಾರ ಸೇವಿಸುವವನೂ ಚಳಿಗಾಲ ಮತ್ತು ವಸಂತದಲ್ಲಿ ಅರ್ಧಶಕ್ತಿಯಷ್ಟು, ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆ ವ್ಯಾಯಾಮ ಮಾಡಬೇಕು. ಅರ್ಧವನ್ನು ಅಳೆಯಲು ಯಂತ್ರ ಬೇಡ. ಹಣೆ, ಮೂಗು, ಕಂಕುಳಲ್ಲಿ ಬೆವರೊಡೆದು, ಬಾಯಿ ಒಣಗಿ, ಉಸಿರು ಬಾಯಿಂದ ಹೊರಡತೊಡಗಿದರೆ ಅರ್ಧವಾಯಿತೆಂದೇ ಅರ್ಥ. ಬಸ್ಕಿಯ ಲೆಕ್ಕದಲ್ಲಿ ಹೇಳುವುದಾದರೆ, ಇನ್ನೂ ಮೂರ್ನಾಲ್ಕು ಆಗಬಹುದು ಎನ್ನಿಸುವಾಗಲೇ ನಿಲ್ಲಿಸುವುದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ನಮ್ಮ ಸೀಮೆಗೆ ಈ ಋತುವಿವೇಕ ಇನ್ನಷ್ಟು ಅಗತ್ಯ. ರಾಯನಂತೆ ಹೊತ್ತು ಮೂಡುವ ಮುನ್ನ ಮುಗಿಸಿ, ತುಸು ಆರಿ, ಮೈಯನ್ನು ಹಿತವಾಗಿ ತೀಡಿಕೊಂಡು, ಸ್ನಾನ ಪೂಜೆಗಳಿಗೆ ಅಣಿಯಾಗುವುದು ಉತ್ತಮ. ಉಂಡ ಕೂಡಲೇ ಸರ್ವಥಾ ಕೂಡದು. ಅಜೀರ್ಣವಿದ್ದ ದಿನ, ಜ್ವರವಿದ್ದ ದಿನ ಬಿಡುವುದೇ ಪಥ್ಯ.

ರಕ್ತದೊತ್ತಡವುಳ್ಳವರು ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಎತ್ತುತ್ತಾ ಉಸಿರು ಬಿಡಬೇಕು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಬೆಲ್ಲವನ್ನೋ ಸಕ್ಕರೆಯನ್ನೋ ಕೈಯಳತೆಯಲ್ಲಿ ಇಟ್ಟುಕೊಂಡಿರಬೇಕು. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಆ ಕ್ಷಣವೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ತರುಣರಿಗೆ ಮತ್ತೊಂದು ಮಾತು. ಗೆಳೆಯರ ಪಂಥಕ್ಕೆ ಬಿದ್ದು ಮೊದಲ ದಿನವೇ ನೂರಾರು ಬಸ್ಕಿ ಹೊಡೆಯುವ ಹುಚ್ಚು ಕೆಲವರಲ್ಲಿದೆ. ಅಭ್ಯಾಸವಿಲ್ಲದ ಸ್ನಾಯುಗಳು ಹಾಗೆ ದಣಿದಾಗ ಒಳಗೇ ಒಡೆದು, ಅವುಗಳ ಅಂಶವು ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಒಂದೆರಡು ದಿನಗಳಲ್ಲಿ ತೊಡೆಗಳು ವಿಪರೀತ ಬಾತು ನೋಯುತ್ತಾ, ಮೂತ್ರವು ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಕಷಾಯ, ಲೇಪಗಳಲ್ಲಿ ಕಾಲ ಕಳೆಯದೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ.